ಹನ್ನೊಂದನೆಯ ಕಟ್ಟಳೆ

ಕಂಚುದುರ್ಗದಲ್ಲಿ ಕೋಳಿ ಕೂಗುವುದಕ್ಕಿಂತ ಮೊದಲೇ ಕಂಚುಗಾರಗೇರಿಯ ಸುತ್ತಿಗೆಗಳು ಕೂಗುತ್ತಿದ್ದವು. ನೂರಿಪ್ಪತ್ತು ಕುಲುಮೆಗಳ ಹೊಗೆ ಕೊತ್ತಳಗಳನ್ನು ಬಳಸಿ ಮೇಲೇರುವ ಹೊತ್ತಿಗೆ ಮೂಡಣ ಹೆಬ್ಬಾಗಿಲು ತೆರೆಯುತ್ತಿತ್ತು. ಎತ್ತುಗಳ ಬೆನ್ನ ಮೇಲೆ ಉಪ್ಪು ಮೆಣಸುಗಳ ಹೇರು ಹೊರಿಸಿದ ಬಣಜಿಗರು, ಬುಟ್ಟಿ ತುಂಬ ಸುರಗಿ ಸಂಪಗೆ ಹೊತ್ತ ಹೂವಾಡಗಿತ್ತಿಯರು, ಕೆರೆಯಲ್ಲಿ ಮಿಂದು ಸೊಂಡಿಲಲ್ಲಿ ನೀರುಳಿಸಿಕೊಂಡು ದಾರಿಹೋಕರ ಮೇಲೆ ಚಿಮ್ಮುತ್ತ ಬರುವ ಪಟ್ಟದಾನೆ, ಅದನ್ನು ಬೈದಂತೆ ನಟಿಸುವ ಮಾವಟಿಗ, ಎಲ್ಲರೂ ಆ ಒಂದೇ ಬಾಗಿಲಿನಲ್ಲಿ ನೂಕಾಡಿ ಒಳಸೇರಬೇಕು. ಬಾಗಿಲಿನ ಬಲಕ್ಕೆ ಆಳೆತ್ತರದ ಕರಿಗಲ್ಲೊಂದು ನಿಂತಿತ್ತು. ಅದರ ಮೇಲೆ ಹನ್ನೊಂದು ಕಟ್ಟಳೆಗಳನ್ನು ಕೆತ್ತಿದ್ದರು. ಓದು ಬಾರದವರಿಗೂ ಅವುಗಳಲ್ಲಿ ಐದಾರು ಬಾಯಿಪಾಠವಾಗಿದ್ದವು, ಏಕೆಂದರೆ ಅವರ ಕೈಕಾಲುಗಳನ್ನು ಕಾಯುತ್ತಿದ್ದುದು ಆ ಕಲ್ಲೇ.

ಕಲ್ಲು ನಿಲ್ಲುವ ಮೊದಲು ಆ ರಾಜ್ಯದ ನ್ಯಾಯ ಬಹಳ ಸುಲಭವಾಗಿತ್ತು. ಕದ್ದವನ ಕೈ ಕಡಿಯುತ್ತಿದ್ದರು. ಕದ್ದನೋ ಇಲ್ಲವೋ ಎಂಬ ಸಂದೇಹವಿದ್ದರೆ ದಿವ್ಯಕ್ಕೆ ನಿಲ್ಲಿಸುತ್ತಿದ್ದರು: ನೇಗಿಲಿನ ಗುಳವನ್ನು ಕೆಂಪಗೆ ಕಾಯಿಸಿ ಅಂಗೈಯಲ್ಲಿಟ್ಟು ಏಳು ಹೆಜ್ಜೆ ನಡೆಸಿ, ಕೈಗೆ ಬಟ್ಟೆ ಕಟ್ಟಿ ಅರಗಿನ ಮುದ್ರೆ ಹಾಕಿ, ಮೂರನೆಯ ದಿನ ಬಿಚ್ಚಿ ನೋಡುವುದು, ಕೈ ಸುಟ್ಟಿದ್ದರೆ ಅಪರಾಧಿ, ಸುಡದಿದ್ದರೆ ನಿರಪರಾಧಿ. ಧರ್ಮಾಧಿಕಾರಿ ಬಾಚರಸರು ತಮ್ಮ ಇಪ್ಪತ್ತು ವರ್ಷಗಳ ಅಧಿಕಾರದಲ್ಲಿ ಹೀಗೆ ಗುಳ ಹಿಡಿದ ನಲವತ್ತಮೂರು ಜನರನ್ನು ಕಂಡಿದ್ದರು. ನಲವತ್ತೊಂದು ಜನರ ಕೈ ಸುಟ್ಟಿತು. ಉಳಿದ ಇಬ್ಬರಲ್ಲಿ ಒಬ್ಬ ಸುಣ್ಣದ ಗೂಡಿನಲ್ಲಿ ದುಡಿದು ಅಂಗೈ ಚರ್ಮ ಎಕ್ಕಡದಂತಾಗಿದ್ದವನು; ಇನ್ನೊಬ್ಬ ಊರಿಗೇ ಗೊತ್ತಿದ್ದ ಕಳ್ಳ, ಯಾವ ಸೊಪ್ಪಿನ ರಸ ಹಚ್ಚಿಕೊಂಡಿದ್ದನೋ, ನಗುತ್ತ ಮನೆಗೆ ಹೋದ. ದೇವರು ಕಬ್ಬಿಣದೊಳಗೆ ಕುಳಿತು ತೀರ್ಪು ಕೊಡುತ್ತಾನೆಂಬ ನಂಬಿಕೆಯನ್ನು ಬಾಚರಸರು ಅಂದು ಕೈಬಿಟ್ಟರು.

ಅಲ್ಲಿಂದ ಮುಂದೆ ಅವರು ಬರೆದದ್ದು ಆ ಕಲ್ಲಿನ ಮೇಲಿನ ಮಾತುಗಳನ್ನು. ದಿವ್ಯವಿಲ್ಲ, ಸಾಕ್ಷಿಗಳನ್ನು ಎದುರಾಬದುರು ನಿಲ್ಲಿಸಿ ವಿಚಾರಿಸಬೇಕು. ಅಂಗಚ್ಛೇದವಿಲ್ಲ. ತಳವಾರನ ಸೆರೆಯಲ್ಲಿ ಏಟು ತಿಂದು ಆಡಿದ ತಪ್ಪೊಪ್ಪಿಗೆ ಸಲ್ಲದು. ತನ್ನ ನಂಟರ, ತನ್ನ ಆಶ್ರಿತರ ವ್ಯಾಜ್ಯದಲ್ಲಿ ಧರ್ಮಾಧಿಕಾರಿ ಪೀಠವೇರಬಾರದು. ಹತ್ತನೆಯದು ಎಲ್ಲಕ್ಕಿಂತ ವಿಚಿತ್ರವಾದದ್ದು: ದೇಹದಂಡನೆಯ ತೀರ್ಪು ಬರೆದವನು ಅದು ಪೂರೈಸುವ ತನಕ ಮಾರು ದೂರದಲ್ಲಿ ನಿಂತು ನೋಡಬೇಕು, ಮುಖ ತಿರುಗಿಸಕೂಡದು. ಚಾಟಿಯ ತೀರ್ಪುಗಳನ್ನು ಹೋಳಿಗೆಯಂತೆ ಹಂಚುತ್ತಿದ್ದ ನಾಡ ಅಧಿಕಾರಿಗಳು ಈ ಕಟ್ಟಳೆ ಬಂದ ಮೇಲೆ ಊಟ ಸೇರದೆ ಸೊರಗಿದರು; ಆರು ತಿಂಗಳಲ್ಲಿ ಚಾಟಿಗೆ ಬೂಷ್ಟು ಹಿಡಿಯಿತು.

ಇವನ್ನು ಅರಸನಿಂದ ಒಪ್ಪಿಸಿದ್ದು ಸುಲಭದ ಕೆಲಸವಾಗಿರಲಿಲ್ಲ. ಜೋಯಿದೇವನಿಗೆ ಆಗ ಇಪ್ಪತ್ತಮೂರರ ಪ್ರಾಯ. ಅವನ ಕೈಹಿಡಿದು ಮೊದಲ ಅಕ್ಷರ ತಿದ್ದಿಸಿದವರೂ, ದಾಯಾದಿಗಳ ಬಾಯಿಂದ ಬಿಡಿಸಿ ಪಟ್ಟ ಕಟ್ಟಿಸಿದವರೂ ಬಾಚರಸರೇ. ಆದರೂ ದಂಡನಾಯಕ ಚಟ್ಟಯ್ಯ, ಭಯವಿಲ್ಲದ ಪ್ರಜೆ ಮೂಗುದಾರವಿಲ್ಲದ ಎತ್ತು ಎಂದು ದಿನಕ್ಕೊಮ್ಮೆ ಅರಸನ ಕಿವಿಯಲ್ಲಿ ಊದುತ್ತಿದ್ದ. ಆಗ ಒಂದು ದಿನ ಬಾಚರಸರ ಶಿಷ್ಯ ರೇಚಣ ಬಂದು ಗುರುವಿನ ಮುಂದೆ ಕುಳಿತ. ಹದಿನೈದು ವರ್ಷ ಅವರ ಮನೆಯ ಅನ್ನ ಉಂಡು, ಅವರ ಓಲೆಗಳನ್ನು ಬರೆದು, ಈಗ ಧರ್ಮಾಧಿಕರಣದಲ್ಲಿ ಅವರ ನಂತರದ ಪೀಠಕ್ಕೇರಿದ್ದವನು. ಮಕ್ಕಳಿಲ್ಲದ ಬಾಚರಸರಿಗೆ ಮಗನೆಂದರೆ ಅವನೇ.

“ಗುರುಗಳೇ, ರಾಜದ್ರೋಹ ನಡೆಯುವುದು ನೂರು ವರ್ಷಕ್ಕೊಮ್ಮೆ. ಅದೊಂದಕ್ಕೆ ಹಳೆಯ ಪದ್ಧತಿಯನ್ನು ಉಳಿಸಿಬಿಡಿ. ಪ್ರಭುಗಳು ನಾಳೆಯೇ ಒಪ್ಪ ಹಾಕುತ್ತಾರೆ,” ಎಂದ.

ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬ ಈ ಉಪಾಯ ಬಾಚರಸರಿಗೆ ಹಿಡಿಸಲಿಲ್ಲ. ಎರಡು ದಿನ ಯೋಚಿಸಿದರು. ಹತ್ತು ಗೆಲ್ಲುವಾಗ ಒಂದು ಸೋತರೆ ಸೋಲಲ್ಲವೆಂದು ತಮ್ಮನ್ನು ತಾವೇ ಸಮಾಧಾನಪಡಿಸಿಕೊಂಡು ಹನ್ನೊಂದನೆಯ ಕಟ್ಟಳೆಯನ್ನು ತಮ್ಮ ಕೈಯಾರೆ ಬರೆದರು: ರಾಜದ್ರೋಹದ ಆರೋಪದಲ್ಲಿ ಮಾತ್ರ ವಿಚಾರಣೆಯೂ ಶಿಕ್ಷೆಯೂ ಹಿಂದಿನಂತೆಯೇ ನಡೆಯತಕ್ಕದ್ದು. ಅಷ್ಟು ದೊಡ್ಡ ಪಂಡಿತರು ತಮ್ಮ ಮನೆಯ ಗೋಡೆಗೆ ತಾವೇ ಕನ್ನ ಕೊರೆದಿಟ್ಟರು.

ಮೂರು ವರ್ಷ ಕಳೆಯಿತು. ಮಹಾನವಮಿಯ ಒಡ್ಡೋಲಗದಲ್ಲಿ ಸಾಮಂತರೂ ಪಡೆಯ ನಾಯಕರೂ ನೆರೆದಿದ್ದಾಗ ಚಟ್ಟಯ್ಯ ಎದ್ದು ನಿಂತು ಒಂದು ಓಲೆಯನ್ನು ಗಟ್ಟಿಯಾಗಿ ಓದಿದ. ಗಡಿಯ ಕಾವಲಿನವರು ದೂತನೊಬ್ಬನನ್ನು ಅಟ್ಟಿಸಿಕೊಂಡು ಹೋದಾಗ ಅವನು ಬಿಸಾಡಿ ಓಡಿದ ಓಲೆಯದು. ಉತ್ತರದ ಶತ್ರುರಾಜನಿಗೆ ಬರೆದದ್ದು. ಕಪ್ಪಕಾಣಿಕೆ ಕೇಳದೆ ಹಿಂದೆ ಸರಿದರೆ ಹುಲಿಗಡಿಯ ಕೋಟೆಯನ್ನು ಗುಟ್ಟಾಗಿ ಬಿಟ್ಟುಕೊಡುವೆವೆಂದಿತ್ತು. ಕೆಳಗೆ ಕಂಚುದುರ್ಗದ ಅರಸನ ಮುದ್ರೆ. ಹುಲಿಗಡಿಯನ್ನು ಉಳಿಸಿಕೊಳ್ಳಲು ಹಿಂದಿನ ಬೇಸಗೆಯಲ್ಲಿ ಇನ್ನೂರು ಯೋಧರು ಮಡಿದಿದ್ದರು. ಅವರ ಅಣ್ಣತಮ್ಮಂದಿರು ತುಂಬಿದ್ದ ಆ ಸಭೆಯಲ್ಲಿ ಒರೆಯ ಕತ್ತಿಗಳು ಅಲುಗಾಡಿದ ಸದ್ದು ಎಲ್ಲರಿಗೂ ಕೇಳಿಸಿತು.

ಜೋಯಿದೇವ ಬಿಳಿಚಿಕೊಂಡ ಮುಖದಿಂದ ಎದ್ದು, ಆ ಮುದ್ರೆ ತನ್ನದಲ್ಲ, ಯಾರೋ ಕಳ್ಳಮುದ್ರೆ ಮಾಡಿದ್ದಾರೆ ಎಂದ. ಹಾಗಾದರೆ ಮಾಡಿದವರು ಯಾರು? ಅರಸನ ಮುದ್ರೆಯನ್ನು ಎರಕ ಹೊಯ್ದ ಕೈ ರಾಜ್ಯದಲ್ಲಿ ಒಂದೇ, ಕಂಚುಗಾರ ಮಾಳೋಜನದು. ಅಂದು ಸಂಜೆಯೊಳಗೆ ಮಾಳೋಜ ಸಂಕೋಲೆಯಲ್ಲಿದ್ದ. ರಾಜದ್ರೋಹವಾದ್ದರಿಂದ ಸಾಕ್ಷಿಯಿಲ್ಲ, ಪ್ರಶ್ನೆಯಿಲ್ಲ. ಗುಳ ಹಿಡಿಯಬೇಕು, ಸುಟ್ಟರೆ ಬಲಗೈ ಹೋಗಬೇಕು. ಕಂಚುಗಾರನ ಬಲಗೈ ಹೋಯಿತೆಂದರೆ ಅವನ ಮನೆಯ ಏಳು ಜನರ ಬಾಯಿಗೆ ಮಣ್ಣು ಬಿತ್ತೆಂದೇ ಲೆಕ್ಕ. ಮುದ್ರೆಯ ಕೆಲಸಕ್ಕೆ ಮಾಳೋಜನನ್ನು ಹಿಂದೆ ಶಿಫಾರಸು ಮಾಡಿದ್ದವರು ಬಾಚರಸರು. ಆಶ್ರಿತರ ವ್ಯಾಜ್ಯದ ಕಟ್ಟಳೆಯನ್ನು ಎತ್ತಿ ತೋರಿಸಿ ಅವರನ್ನು ಪೀಠದಿಂದ ಇಳಿಸಿದರು. ಪೀಠಕ್ಕೆ ರೇಚಣ ಬಂದ.

ಮರುದಿನ ಬಾಚರಸರು ಧರ್ಮಾಧಿಕರಣಕ್ಕೆ ಹೋಗಿ, ಪೀಠವಿಲ್ಲದಿದ್ದರೂ ನೋಡುವ ಹಕ್ಕಿದೆಯೆಂದು ಆ ಓಲೆಯನ್ನು ಕೇಳಿ ಪಡೆದರು. ಅಕ್ಷರ ಯಾರದೆಂದು ತಿಳಿಯದಂತೆ ತಿರುಚಿ ಬರೆದಿತ್ತು. ಆದರೆ ಓಲೆಯ ಎಡಮೂಲೆಯಲ್ಲಿ ಎಳ್ಳುಕಾಳಿಗಿಂತ ಸಣ್ಣದಾಗಿ ಮೂರು ಚುಚ್ಚುಗಳಿದ್ದವು. ಬರೆಯುವ ಮೊದಲು ಕಂಠದ, ಎಂದರೆ ಬರೆಯುವ ಕಬ್ಬಿಣದ ಕಡ್ಡಿಯ, ಮೊನೆಯನ್ನು ಮೂಲೆಯಲ್ಲಿ ಮೂರು ಸಲ ಊರಿ ಓಲೆಯ ಹದ ನೋಡುವುದು ಬಾಚರಸರ ತಂದೆಯ ಅಭ್ಯಾಸ. ತಂದೆಯಿಂದ ಅವರಿಗೆ ಬಂದಿತ್ತು, ಅವರಿಂದ ಒಬ್ಬನಿಗೆ ಮಾತ್ರ ಹೋಗಿತ್ತು. ಬಾಚರಸರು ಓಲೆಯನ್ನು ಹಿಂದಿರುಗಿಸಿದರು. ಅಲ್ಲಿಂದ ಶಿಷ್ಯನ ಮನೆಗೆ ಹೊರಟರು.

ರೇಚಣನ ಮನೆಯ ಜಗಲಿಯ ಮೇಲೆ ಗುರುಶಿಷ್ಯರು ಎದುರಾಬದುರು ಕುಳಿತರು. ಬಾಚರಸರು ಚುಚ್ಚುಗಳ ಸಂಗತಿಯನ್ನಷ್ಟೇ ಹೇಳಿದರು. ರೇಚಣನ ಬಾಯಿಂದ ಆಮೇಲೆ ಎಲ್ಲವೂ ಹೊರಬಂತು. ಓಲೆ ಅರಸನದೇ, ಮುದ್ರೆಯೂ ಅರಸನದೇ, ಬರೆದವನು ತಾನು. ಖಾಲಿಯಾದ ಕಣಜ, ದಣಿದ ಪಡೆ, ಇನ್ನೊಂದು ಯುದ್ಧ ಬಂದರೆ ರಾಜ್ಯ ಉಳಿಯದೆಂದು ಅರಸ ಅಂಜಿದ್ದ. ಈಗ ನಿಜ ಹೇಳಿದರೆ ಪಡೆ ತಿರುಗಿ ಬೀಳುತ್ತದೆ. ಆದ್ದರಿಂದ ಒಬ್ಬ ಕಳ್ಳಮುದ್ರೆಗಾರ ಬೇಕಾಗಿದ್ದಾನೆ.

“ಹನ್ನೊಂದನೆಯ ಕಟ್ಟಳೆ?” ಎಂದು ಬಾಚರಸರು ಕೇಳಿದರು. ಯಾಕೆ ಕೇಳಿದೆನೋ ಎಂದು ಕೇಳಿದ ಮರುಕ್ಷಣವೇ ಅವರಿಗೆ ಅನಿಸಿತು.

ರೇಚಣ ತಲೆ ತಗ್ಗಿಸಿದ. “ಅದೂ ಪ್ರಭುಗಳದೇ, ಗುರುಗಳೇ. ನೀವು ಒಪ್ಪುವುದು ನಾನು ಹೇಳಿದರೆ ಮಾತ್ರ ಎಂದು ನನ್ನ ಬಾಯಲ್ಲಿ ಹೇಳಿಸಿದರು.”

ಉಂಡ ಮನೆಯ ಜಂತಿ ಎಣಿಸುವವರನ್ನು ಬಾಚರಸರು ಬಹಳ ಕಂಡಿದ್ದರು, ಅಂಥವರಿಗೆ ತೀರ್ಪನ್ನೂ ಕೊಟ್ಟಿದ್ದರು. ಆದರೆ ಮೂರು ವರ್ಷಗಳ ಹಿಂದೆಯೇ, ತಾವು ಗೆದ್ದೆವೆಂದು ಹೆಂಡತಿಯ ಕೈಯಲ್ಲಿ ಪಾಯಸ ಮಾಡಿಸಿ ಈ ರೇಚಣನಿಗೇ ಮೊದಲು ಬಡಿಸಿದ ದಿನವೇ, ತಾವು ಮಾರಿಹೋಗಿದ್ದೆವೆಂದು ತಿಳಿದಾಗ ಅವರಿಗೆ ಸಿಟ್ಟು ಬರಲಿಲ್ಲ. ನಾಚಿಕೆಯಾಯಿತು. ಮೋಸ ಹೋದವನಿಗೇ ನಾಚಿಕೆಯಾಗುವುದು ಲೋಕದ ಅನ್ಯಾಯಗಳಲ್ಲೊಂದು.

ಅವರು ನೇರವಾಗಿ ಅರಮನೆಗೆ ನಡೆದರು. ಜೋಯಿದೇವ ಹೂದೋಟದ ಕೊಳದ ಬಳಿ ಒಬ್ಬನೇ ಇದ್ದ. ಗುರುವನ್ನು ಕಂಡೊಡನೆಯೇ ಅವರಿಗೆ ಎಲ್ಲವೂ ಗೊತ್ತಾಗಿದೆಯೆಂದು ತಿಳಿದ. ಅವನು ಸುಳ್ಳಾಡಲಿಲ್ಲ ಎಂಬುದನ್ನು ಹೇಳಲೇಬೇಕು. ರಾಜ್ಯಕ್ಕಾಗಿ ಮಾಡಿದೆನೆಂದ, ಒಬ್ಬನ ಕೈ ಹೋದರೆ ಸಾವಿರ ತಲೆಗಳು ಉಳಿಯುತ್ತವೆಂದ. ಮಾಳೋಜನನ್ನು ಬಿಡಿಸಬೇಕು, ಹನ್ನೊಂದನೆಯ ಕಟ್ಟಳೆಯನ್ನು ಕಲ್ಲಿನಿಂದ ಅಳಿಸಬೇಕು ಎಂದು ಬಾಚರಸರು ಕೇಳಿದಾಗ, ಇಂದು ಹಾಗೆ ಮಾಡಿದರೆ ತಪ್ಪನ್ನು ಒಪ್ಪಿಕೊಂಡಂತಾಗುವುದೆಂದು ಕಣ್ಣೀರಿಟ್ಟ. ಬಾಚರಸರು ನಿಜವನ್ನು ಪಡೆಯ ಮುಂದೆ ಹೇಳಿಬಿಡಬಹುದಿತ್ತು. ಹೇಳಿದರೆ ಮಾಳೋಜ ಉಳಿಯುತ್ತಾನೆ, ತಾವು ಎತ್ತಿ ಆಡಿಸಿದ ಈ ಅರಸ ಅಂದೇ ಕತ್ತಿಗೆ ಆಹುತಿಯಾಗುತ್ತಾನೆ, ನಾಳೆ ಚಟ್ಟಯ್ಯ ಸಿಂಹಾಸನದ ಮೇಲಿರುತ್ತಾನೆ, ಕಲ್ಲಿನ ಹನ್ನೊಂದು ಕಟ್ಟಳೆಗಳೂ ಕೆರೆಯ ಪಾಲಾಗುತ್ತವೆ. ಹೇಳದಿದ್ದರೆ ಒಬ್ಬ ನಿರಪರಾಧಿಯ ಕೈ.

“ಹಳೆಯ ಪದ್ಧತಿಯೇ ನಡೆಯಲೆಂದು ಕಟ್ಟಳೆ ಹೇಳುತ್ತದೆ, ಪ್ರಭು. ಹಳೆಯ ಪದ್ಧತಿಯಲ್ಲಿ ಹೊಣೆದಿವ್ಯವೂ ಇದೆ,” ಎಂದರು ಕೊನೆಗೆ.

ಹೊಣೆದಿವ್ಯವೆಂದರೆ ಆರೋಪಿಗೆ ಬದಲಾಗಿ ಹೊಣೆಗಾರನು ಗುಳ ಹಿಡಿಯುವುದು. ಸುಟ್ಟರೆ ಶಿಕ್ಷೆ ಹೊಣೆಗಾರನಿಗೆ. ಆರೋಪಿ ಬಿಡುಗಡೆ ಹೊಂದುತ್ತಾನೆ, ಅದೇ ಆರೋಪವನ್ನು ಅವನ ಮೇಲೆ ಮತ್ತೆ ಹೊರಿಸುವಂತಿಲ್ಲ. ತಲೆಮಾರುಗಳಿಂದ ಯಾರೂ ಅದಕ್ಕೆ ಮುಂದೆ ಬಂದಿರಲಿಲ್ಲ. ಜೋಯಿದೇವ ಅವರ ಕಾಲ ಮೇಲೆ ಬಿದ್ದ. ಮೂರನೆಯ ದಿನ ಕಟ್ಟು ಬಿಚ್ಚಿದ ಕೂಡಲೇ ಎಲ್ಲರೆದುರು ಅಭಯಹಸ್ತ ಎತ್ತಿ ಶಿಕ್ಷೆಯನ್ನು ಮನ್ನಿಸುವೆನೆಂದೂ, ಮುಂದಿನ ಹುಣ್ಣಿಮೆಯೊಳಗೆ ಹನ್ನೊಂದನೆಯ ಕಟ್ಟಳೆಯನ್ನು ಅಳಿಸುವೆನೆಂದೂ ತಾಯಿಯಾಣೆ ಇಟ್ಟು ನುಡಿದ. ಬಾಚರಸರು ನಂಬಿದರು. ಒಮ್ಮೆ ಎಡವಿದ ಕಲ್ಲನ್ನೇ ಮತ್ತೆ ಎಡವುವುದಕ್ಕೆ ಪ್ರೀತಿಯೊಂದು ಸಾಕು.

ಮನೆಯಲ್ಲಿ ಚಂದವ್ವೆ ಗಂಡನ ಮಾತನ್ನೆಲ್ಲ ಕೇಳಿ, ಅಡುಗೆಯ ಕಟ್ಟಿಗೆಯನ್ನು ಒಲೆಯಿಂದ ಹೊರಗೆಳೆದು ನೀರು ಚಿಮುಕಿಸಿದಳು.

“ಬೆಂಕಿ ಯಾರನ್ನಾದರೂ ಸುಡುತ್ತದೆಂದು ಇಷ್ಟು ವರ್ಷ ಊರಿಗೆಲ್ಲ ಹೇಳಿದವರು ನೀವು. ಈಗ ನೀವೇ ಹೋಗಿ ಹಿಡಿಯುತ್ತೀರಾ?”

“ಹೇಳಿದ್ದನ್ನು ಯಾರೂ ನಂಬಲಿಲ್ಲ, ಚಂದಾ. ನೋಡಿದರೆ ನಂಬಿಯಾರು.”

ಅವಳು ಅರಸನ ಆಣೆಯನ್ನು ತಾನು ನಂಬುವುದಿಲ್ಲವೆಂದಳು. ಆ ಮಾತಿಗೆ ಮಾತ್ರ ಬಾಚರಸರು ಅವಳ ಮೇಲೆ ರೇಗಿದರು.

ದಿವ್ಯದ ದಿನ ಮೂಡಣ ಬಾಗಿಲಿನ ಬಯಲಿನಲ್ಲಿ ಊರಿಗೆ ಊರೇ ನೆರೆಯಿತು. ಮಾಳೋಜ, ತನಗಾಗಿ ಒಡೆಯರು ಕೈ ಸುಡಿಸಿಕೊಳ್ಳುವುದು ಬೇಡವೆಂದು ಸಂಕೋಲೆಯೊಡನೆ ನೆಲಕ್ಕೆ ಬಿದ್ದು ಹೊರಳಾಡಿದ. ಇಬ್ಬರು ಅವನನ್ನು ಹಿಡಿದುಕೊಳ್ಳಬೇಕಾಯಿತು. ಬಾಚರಸರು ಮಿಂದು ಒದ್ದೆಬಟ್ಟೆಯಲ್ಲಿ ನಿಂತಿದ್ದರು. ಸುಳ್ಳು ಗೊತ್ತಿಲ್ಲದ ಬಾಯಿ ಎಂದು ಮೂರು ತಲೆಮಾರು ಹೊಗಳಿದ ಮನುಷ್ಯನ ಅಂಗೈಯ ಮೇಲೆ ಏಳು ಅರಳಿಯ ಎಲೆಗಳನ್ನು ಹಾಸಿ ಕೆಂಡದಂಥ ಗುಳವನ್ನು ಇಟ್ಟರು. ಎಲೆಗಳು ಸುಟ್ಟು ಕರಿದಾದವು. ಅವರು ಏಳು ಹೆಜ್ಜೆ ನಡೆದರು. ಐದನೆಯದರಲ್ಲಿ ಮೊಣಕಾಲು ಕುಸಿಯಿತು, ಆದರೂ ಎದ್ದರು. ಕೂಗಲಿಲ್ಲವೆಂದು ಹೇಳಿದರೆ ಸುಳ್ಳಾಗುತ್ತದೆ. ಆ ಕೂಗನ್ನು ಕೇಳಿದ ಹೆಂಗಸರು ಮಕ್ಕಳನ್ನು ಎತ್ತಿಕೊಂಡು ಮನೆಗೆ ನಡೆದರು.

ಮೂರನೆಯ ದಿನ ಬೆಳಗ್ಗೆ ಅದೇ ಬಯಲಿನಲ್ಲಿ ಅರಗಿನ ಮುದ್ರೆ ಒಡೆದು ಕಟ್ಟು ಬಿಚ್ಚಿದರು. ನೋಡಲು ಹತ್ತಿರ ಬಂದವರು ಮೂಗು ಮುಚ್ಚಿಕೊಂಡು ಹಿಂದೆ ಸರಿದರು. ಮಾಳೋಜನ ಸಂಕೋಲೆ ಕಳಚಿತು. ರೇಚಣ ಪೀಠದಿಂದ, ಹೊಣೆಗಾರನ ಬಲಗೈ ಮಣಿಕಟ್ಟಿನಲ್ಲಿ ಕಡಿಯತಕ್ಕದ್ದು ಎಂಬ ತೀರ್ಪನ್ನು ತಾನು ಬರೆದ ಓಲೆಯಿಂದ ಓದಿದ. ಬಾಚರಸರು ಅರಸನ ಕಡೆ ನೋಡಿದರು.

ಜೋಯಿದೇವನ ಬಲಗೈ ಆಸನದ ತೋಳಿನಿಂದ ಒಂದು ಗೇಣು ಮೇಲೆದ್ದಿತು. ಅಷ್ಟರಲ್ಲಿ ಪಡೆಯ ಸಾಲಿನಿಂದ, ದ್ರೋಹಿಗೆ ಅಭಯವೇ ಎಂದು ಒಂದು ಗೊಣಗು ಹೊರಟಿತು; ಚಟ್ಟಯ್ಯ ತಿರುಗಿ ಅರಸನನ್ನು ದಿಟ್ಟಿಸಿದ. ಆ ಕೈ ಮತ್ತೆ ಆಸನದ ತೋಳಿಗಿಳಿಯಿತು. ಅರಸ ಉತ್ತರೀಯವನ್ನು ಸರಿಪಡಿಸಿಕೊಂಡು ಕೆರೆಯ ಕಡೆ ನೋಡತೊಡಗಿದ.

ಬಾಚರಸರಿಗೆ ಆ ಕ್ಷಣದಲ್ಲಿ ಸುಟ್ಟ ಕೈಯ ನೋವು ಕೂಡ ಮರೆತುಹೋಯಿತು. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ದೂರುವುದು. ಹೇಳುವುದೇನಾದರೂ ಇದೆಯೇ ಎಂದು ಚಟ್ಟಯ್ಯ ಕೇಳಿದ. ಒಂದು ಮಾತು ಸಾಕಾಗಿತ್ತು; ಆ ಮಾತು ಅವರ ನಾಲಗೆಯ ತುದಿಗೂ ಬಂದಿತ್ತು. ಅವರು ಅದನ್ನು ನುಂಗಿಕೊಂಡರು. ಅರಸನ ಮೇಲಿನ ಮಮತೆ ಅಷ್ಟರಲ್ಲಿ ಸತ್ತುಹೋಗಿತ್ತು, ತಡೆದದ್ದು ಅದಲ್ಲ. ಬಾಗಿಲ ಬಳಿ ನಿಂತಿದ್ದ ಕಲ್ಲು ಅವರ ಕಣ್ಣಿಗೆ ಬಿದ್ದಿತ್ತು. ಜನರ ಕಡೆ ತಿರುಗಿ ಹೇಳಿದರು:

“ಕಳ್ಳಮುದ್ರೆಯನ್ನು ನಾನೂ ಮಾಡಿಲ್ಲ, ಮಾಳೋಜನೂ ಮಾಡಿಲ್ಲ. ಆದರೂ ಕಬ್ಬಿಣ ನನ್ನನ್ನು ಸುಟ್ಟಿತು. ದಂಡನಾಯಕರು ಹಿಡಿದರೆ ಅವರನ್ನೂ ಸುಡುತ್ತದೆ. ಕಾಯಿಸಿದವರು ನೀವು, ನೋಡಿದವರು ನೀವು. ಇಷ್ಟನ್ನು ಮರೆಯಬೇಡಿ.”

ಹತ್ತನೆಯ ಕಟ್ಟಳೆಯಂತೆ ರೇಚಣ ಮಾರು ದೂರದಲ್ಲಿ ಬಂದು ನಿಂತ. ಕೊಡಲಿ ಇಳಿಯುವಾಗ ಅವನು ಮುಖ ತಿರುಗಿಸಲಿಲ್ಲ, ಕಲಿಸಿದ ಪಾಠವೊಂದನ್ನಾದರೂ ಮರೆತಿರಲಿಲ್ಲ. ಆಮೇಲೆ ಪೀಠದ ಪಟ್ಟಿಯನ್ನು ಅಲ್ಲೇ ಕಳಚಿಟ್ಟು ಯಾರ ಹತ್ತಿರವೂ ಮಾತಾಡದೆ ಊರು ಬಿಟ್ಟು ಹೋದ. ಎಲ್ಲಿಗೆ ಹೋದನೆಂದು ತಿಳಿಯದು. ಬಾಚರಸರು ವಿಚಾರಿಸಲೂ ಇಲ್ಲ.

ಹುಣ್ಣಿಮೆ ಬಂತು, ಹೋಯಿತು. ಕಲ್ಲಿನ ಹನ್ನೊಂದನೆಯ ಸಾಲು ಹಾಗೆಯೇ ಇತ್ತು. ಕೋಟೆಯ ಹೊರಗೆ, ಕೆರೆಯ ಏರಿಯ ಕೆಳಗಿನ ಸಣ್ಣ ಮನೆಯೊಂದರಲ್ಲಿ ಬಾಚರಸರು ಎಡಗೈಯಿಂದ ಅನ್ನ ಕಲಸಲು ಕಲಿಯುತ್ತಿದ್ದರು. ನಾಚಿಕೆಯಾಗಿ ಹೆಂಡತಿಗೆ ಬೆನ್ನುಮಾಡಿ ಕೂರುತ್ತಿದ್ದರು. ಕಂಚುಗಾರಗೇರಿಯಿಂದ ವಾರಕ್ಕೊಮ್ಮೆ ಅಕ್ಕಿ, ಬೆಲ್ಲ, ತುಪ್ಪ ಬರುತ್ತಿತ್ತು. ತಂದವರು ಹೆಸರು ಹೇಳದೆ ಬಾಗಿಲಲ್ಲಿಟ್ಟು ಹೋಗುತ್ತಿದ್ದರು.

ಅಂಜಿಕೆ ಹಿಡಿದ ಅರಸನಿಗೆ ನೆರಳೂ ಶತ್ರುವೇ. ತನ್ನ ಕೈಯನ್ನು ಕೆಳಗಿಳಿಸಿದ ಆ ದಿಟ್ಟ ನೋಟವನ್ನು ಜೋಯಿದೇವ ಮರೆಯಲಾರದೆ ಹೋದ. ಆರು ತಿಂಗಳೊಳಗೆ ಚಟ್ಟಯ್ಯನ ಮೇಲೆಯೇ ರಾಜದ್ರೋಹದ ಆರೋಪ ಬಂತು. ನಿಜವೋ ಸುಳ್ಳೋ ಕೇಳುವಂತಿಲ್ಲ. ಹನ್ನೊಂದನೆಯ ಕಟ್ಟಳೆ ಇದೆಯಲ್ಲ. ದಿವ್ಯದ ದಿನ ಗೊತ್ತಾಯಿತು. ಗುಳ ಕಾಯಿಸಲು ತಳವಾರರು ಕಂಚುಗಾರಗೇರಿಗೆ ಬಂದರೆ ನೂರಿಪ್ಪತ್ತು ಕುಲುಮೆಗಳೂ ತಣ್ಣಗಿದ್ದವು. ಕಮ್ಮಾರಗೇರಿಯಲ್ಲಿಯೂ ಹಾಗೆಯೇ. ಮಾಳೋಜ ತಿದಿಯ ಮೇಲೆ ಕಾಲಿಟ್ಟುಕೊಂಡು ಕುಳಿತು, “ಬಾಚರಸರನ್ನು ಸುಟ್ಟ ಕಬ್ಬಿಣ ಅದು. ಅದಕ್ಕೆ ನಿಜ ಯಾವುದು, ಸುಳ್ಳು ಯಾವುದು ಗೊತ್ತಿಲ್ಲ. ನಾವು ಕಾಯಿಸೋದಿಲ್ಲ,” ಎಂದ. ಎಂಟು ದಿನ ಕಂಚುದುರ್ಗದಲ್ಲಿ ಸುತ್ತಿಗೆಯ ಸದ್ದಿಲ್ಲ, ಹೊಗೆಯಿಲ್ಲ; ಕುದುರೆಗೆ ಲಾಳವಿಲ್ಲ, ಮನೆಗೆ ಕೊಡವಿಲ್ಲ. ಪಡೆಯವರೂ ಕಮ್ಮಾರರ ಮಾತು ಸರಿಯೆಂದರು, ಏಕೆಂದರೆ ಈ ಸಲ ಸುಡಲಿದ್ದುದು ಅವರ ನಾಯಕನ ಕೈ.

ಚಟ್ಟಯ್ಯ ಸೆರೆಮನೆಯಿಂದ ಬಾಚರಸರಿಗೆ ಹೇಳಿಕಳಿಸಿದ, ಬಂದು ತನ್ನ ಪರವಾಗಿ ಮಾತಾಡಬೇಕೆಂದು. ಅವನಿಗೆ ಇದು ಆಗಬೇಕಾದ್ದೇ ಎಂದಳು ಚಂದವ್ವೆ. ಬಾಚರಸರಿಗೂ ಒಳಗೊಳಗೆ ಹಾಗೆಯೇ ಅನಿಸಿತು. ಆದರೂ ಎದ್ದು ಹೊದಿಕೆಯೊಳಗೆ ಮೊಂಡುಗೈಯನ್ನು ಮರೆಮಾಡಿಕೊಂಡು ಒಡ್ಡೋಲಗಕ್ಕೆ ಹೋದರು. ಅಲ್ಲಿ ಅವರು ಬಹಳ ಮಾತಾಡಲಿಲ್ಲ. ಹೊದಿಕೆಯನ್ನು ತೆಗೆದರು, ಅಷ್ಟೆ. ಮರುದಿನ ಅರಸನ ಅಪ್ಪಣೆಯಂತೆ ಕಲ್ಲುಕುಟಿಗನು ಹನ್ನೊಂದನೆಯ ಸಾಲನ್ನು ಉಳಿಯಿಂದ ಕೆತ್ತಿ ಹಾಕಿದ. ಸಾಕ್ಷಿಗಳ ವಿಚಾರಣೆ ನಡೆದು, ಚಟ್ಟಯ್ಯನ ಮೇಲಿನ ಆರೋಪ ನಿಲ್ಲದೆ ಹೋಯಿತು. ಕುಲುಮೆಗಳು ಹೊತ್ತಿಕೊಂಡವು.

ಅಂದು ಇಳಿಹೊತ್ತಿಗೆ ಜೋಯಿದೇವ ಛತ್ರಚಾಮರಗಳಿಲ್ಲದೆ ನಡೆದು ಏರಿಯ ಕೆಳಗಿನ ಮನೆಗೆ ಬಂದ. ಜಗಲಿಯ ಕೆಳಗೆ, ಬರಿನೆಲದ ಮೇಲೆ ಕುಳಿತ. ಧರ್ಮಾಧಿಕಾರದ ಪೀಠಕ್ಕೆ ಹಿಂದಿರುಗಬೇಕೆಂದು ಬೇಡಿದ, ಬಾಚರಸರು ಆಗಲೆಂದರು. ಕಟ್ಟಳೆಗಳನ್ನು ಯಾವ ಅರಸನೂ ತಿದ್ದದಂತೆ ಶಾಸನ ಬರೆಸಬೇಕೆಂದ; ಅದಕ್ಕೂ ಆಗಲೆಂದರು. ಆಮೇಲೆ ಅವನು ಅವರ ಕಾಲಿಗೆ ಹಣೆ ಹಚ್ಚಿ, ತನ್ನನ್ನು ಕ್ಷಮಿಸಬೇಕೆಂದ.

ಬಾಚರಸರು ಕಾಲನ್ನು ಹಿಂದೆಳೆದುಕೊಂಡರು.

“ನಿಮಗೆ ಶಿಕ್ಷೆಯಾಗದಂತೆ ನಾನು ನೋಡಿಕೊಂಡೆ, ಪ್ರಭು. ಮುಂದೆಯೂ ನೋಡಿಕೊಳ್ಳುತ್ತೇನೆ. ಕ್ಷಮೆಯನ್ನು ಕೇಳಬೇಡಿ. ಜೀವನವೆಲ್ಲ ಊರಿಗೆ ಅದನ್ನೇ ಬೋಧಿಸಿದೆ. ನಿಮಗಾಗಿ ಹುಡುಕಿದರೆ ನನ್ನೊಳಗೆ ಸಿಗುತ್ತಿಲ್ಲ.”

ಅರಸನನ್ನು ಒಳಗೆ ಬನ್ನಿ ಎಂದು ಯಾರೂ ಕರೆಯಲಿಲ್ಲ. ಚಂದವ್ವೆ ಬಂದು ಗಂಡನಿಗೆ ಊಟಕ್ಕೆ ಎಲೆ ಹಾಕಿದೆಯೆಂದಳು. ಅವರು ಎದ್ದು ಒಳಗೆ ಹೋದರು.